ವಿಭೂತಿ ಹಚ್ಚಿದ ಮುಚ್ಚಳ

ಸೆಪ್ಟೆಂಬರ್ ಇಪ್ಪತ್ತೆರಡರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಜಗದೇವಪ್ಪ ತಮ್ಮ ಹಳೆಯ ಡಿಜಿಟಲ್ ಕ್ಯಾಮೆರಾದ ಗುಂಡಿ ಒತ್ತಿದರು. ಅದು ಚಾಲೂ ಆಗಲಿಲ್ಲ. ಒಳಗಿನ ಎರಡು ಸೆಲ್‌ಗಳು ಹನ್ನೊಂದು ತಿಂಗಳು ಹನ್ನೊಂದು ದಿನದಿಂದ ಅಲ್ಲೇ ಇದ್ದವು.

ಬೇರೆಯವರಾಗಿದ್ದರೆ ಇದು ಮರೆವು ಎನ್ನಬಹುದಿತ್ತು. ಜಗದೇವಪ್ಪ ಕಮಲಾಪುರದ ಬಸ್ ನಿಲ್ದಾಣದ ಎದುರು ಮೂವತ್ತೆಂಟು ವರ್ಷ ಫೋಟೊ ಸ್ಟುಡಿಯೊ ನಡೆಸಿದವರು. ಕೆಲಸ ಮುಗಿದ ಮರುಕ್ಷಣ ಸೆಲ್ ಹೊರಗೆ ತೆಗೆದು, ಹಳೆ ಪೇಪರಿನಲ್ಲಿ ಸುತ್ತಿ, ಡಬ್ಬಿಯಲ್ಲಿ ಇಡುತ್ತಿದ್ದರು. ಮದುವೆಗೆಂದು ಕ್ಯಾಮೆರಾ ಕೊಂಡ ಹುಡುಗರಿಗೂ, ಪಾಸ್‌ಪೋರ್ಟ್ ಫೋಟೊಗೆ ಬಂದ ಮುದುಕರಿಗೂ ಅದೇ ಪಾಠ: ಸೆಲ್ ಒಳಗ ಬಿಟ್ರ ಅದು ಸೋರತದ, ಸೋರಿದ್ರ ಯಂತ್ರ ತಿಂತದ. ಊರಲ್ಲಿ ಅವರ ಹೆಸರೇ ಸೆಲ್ಲಪ್ಪ ಎಂದಾಗಿತ್ತು. ಪಕ್ಕದ ಚಹಾದಂಗಡಿಯ ಜೈಭೀಮ ಸಂಜೆ ಬಾಗಿಲು ಹಾಕುವಾಗ ಕೇಳುತ್ತಿದ್ದ, "ಗಡಿಯಾರದ್ದೂ ತೆಗದ್ರೇನ್ರಿ ಕಾಕಾ? ರಾತ್ರಿ ಯಾರು ಟೈಮ್ ನೋಡ್ತಾರ?"

ಆ ಕ್ಯಾಮೆರಾದ ಒಳಗೆ ಒಂದು ಫೋಟೊ ಇತ್ತು. ಅವರ ಹೆಂಡತಿ ವಿಮಲಾಬಾಯಿಯದು. ಅಕ್ಟೋಬರ್ ಹದಿನೇಳಕ್ಕೆ ಆಕೆ ತೀರಿಹೋಗಿ ವರ್ಷ ತುಂಬುತ್ತಿತ್ತು. ಆ ದಿನ ಗೋಡೆಗೆ ಫೋಟೊ ಬೇಕು.

ಊರಿನ ಅರ್ಧ ಮಂದಿಯ ಮುಖ ಹಿಡಿದ ಮನುಷ್ಯನ ಮನೆಯಲ್ಲಿ ಹೆಂಡತಿಯ ಫೋಟೊ ಇರಲಿಲ್ಲ. ಆಕೆಗೆ ಅದು ಬೇಡವಾಗಿತ್ತು. ಯಾರಾದರೂ ಮೊಬೈಲ್ ಎತ್ತಿದರೆ ಸೆರಗು ಅಡ್ಡ ಹಿಡಿಯುತ್ತಿದ್ದರು. "ಊರ ಮಂದೀ ಮಾರಿ ನೋಡಿ ನೋಡಿ ಸಾಕಾಗಿಲ್ಲೇನು ನಿಮಗ?" ಎಂದು ಗಂಡನನ್ನು ಕೇಳುತ್ತಿದ್ದರು. ಉಳಿದದ್ದು ಎರಡೇ: ಮದುವೆಯ ಕಪ್ಪು ಬಿಳುಪು ಫೋಟೊ, ಆಧಾರ್ ಕಾರ್ಡಿನ ಮುಖ.

ಹೋದ ವರ್ಷ ದಸರೆಯ ಆಯುಧ ಪೂಜೆ, ಅಂದರೆ ಖಂಡೆ ಪೂಜೆಯ ದಿನ ಸ್ಟುಡಿಯೊದ ಸಾಮಾನುಗಳನ್ನೆಲ್ಲ ಒರೆಸಿ ಮಣೆಯ ಮೇಲೆ ಜೋಡಿಸಿದ್ದರು. ಜಗದೇವಪ್ಪ ಪದ್ಧತಿಯಂತೆ ಸೆಲ್ ತೆಗೆದೇ ಇಟ್ಟಿದ್ದರು. ಆರತಿ ತಟ್ಟೆ ಹಿಡಿದು ಬಂದ ವಿಮಲಾಬಾಯಿ ಕ್ಯಾಮೆರಾ ಎತ್ತಿ ತೂಕ ನೋಡಿದರು.

"ಖಾಲಿ ಡಬ್ಬಿಗೆ ಯಾರರ ವಿಭೂತಿ ಹಚ್ತಾರೇನ್ರಿ? ಮೊದಲ ಸೆಲ್ ಹಾಕ್ರಿ. ಪೂಜಿ ದಿನ ಒಂದ್ಸಲರೆ ನಡೀಬೇಕು ಅದು."

ಅವರು ಎದುರಿನ ಕಿರಾಣಿ ಅಂಗಡಿಯಿಂದ ಅಗ್ಗದ ಎರಡು ಸೆಲ್ ತಂದು ಹಾಕಿದರು. ನಡೆಯುತ್ತದೆ ಎಂದು ತೋರಿಸಲು ಆಕೆಯ ಕಡೆಗೇ ಹಿಡಿದು ಒತ್ತಿದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ವಿಭೂತಿ ಗಟ್ಟಿ, ಸೆರಗು ಹಿಡಿಯಲು ಕೈ ಖಾಲಿ ಇರಲಿಲ್ಲ. ಆಕೆ ನಕ್ಕುಬಿಟ್ಟರು. ಮೆಮೊರಿ ಕಾರ್ಡ್ ಕಂಪ್ಯೂಟರಿನಲ್ಲಿತ್ತು. ಹಾಗಾಗಿ ಆ ಫೋಟೊ ಕ್ಯಾಮೆರಾದ ಒಳಗಿನ ಸಣ್ಣ ಮೆಮೊರಿಗೇ ಹೋಯಿತು. ಪರದೆಯ ಮೇಲೆ ಅದು ಎರಡು ಸೆಕೆಂಡ್ ಕಂಡಿತು.

"ಲೆನ್ಸಿಗೆ ಹಚ್ಚಬ್ಯಾಡ ಮತ್ತ, ತಳಕ್ಕ ಹಚ್ಚು" ಎಂದರು ಅವರು. ಆಕೆ ಕ್ಯಾಮೆರಾ ಮಗುಚಿ, ತಳದ ಈ ತುದಿಯಿಂದ ಆ ತುದಿಗೆ ಮೂರು ಬೆರಳು ಎಳೆದರು. ಸೆಲ್‌ಗಳ ಮುಚ್ಚಳ ಅಲ್ಲೇ ಇತ್ತು.

ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ವಿಮಲಾಬಾಯಿ ಬಚ್ಚಲಲ್ಲಿ ಬಿದ್ದರು. ಕಲಬುರಗಿಯ ಆಸ್ಪತ್ರೆಯಲ್ಲಿ ಮಿದುಳಿನಲ್ಲಿ ರಕ್ತಸ್ರಾವ ಎಂದರು. ಆರನೇ ದಿನ ತೀರಿಕೊಂಡರು. ಅರವತ್ತು ವರ್ಷ.

ಈಗ ಜಗದೇವಪ್ಪ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಹೋದರು. ಜೇವರ್ಗಿ ಕಾಲೋನಿಯಲ್ಲಿ ಟ್ಯೂಷನ್ ಹೇಳುವ ಮಗಳು ಅಂಬಿಕಾ ನಿಲ್ದಾಣಕ್ಕೆ ಬಂದಿದ್ದಳು. ಇಬ್ಬರೂ ಸೂಪರ್ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿದ್ದ ರಿಪೇರಿ ಅಂಗಡಿಗೆ ಹೋದರು. ಅಂಗಡಿ ನಡೆಸುವವಳು ಗೌಸಿಯಾ. ಆಕೆಯ ತಂದೆಯ ಕಾಲದಿಂದ ಜಗದೇವಪ್ಪನವರ ಯಂತ್ರಗಳು ಅಲ್ಲಿಗೇ ಬರುತ್ತಿದ್ದವು.

"ಬರ್ರಿ ಕಾಕಾ. ನಿಮ್ಮ ಕ್ಯಾಮೆರಾ ಅಂದ್ರ ಬರೀ ಧೂಳ ಜಾಡಿಸಿ ರೊಕ್ಕ ತಗೊಳ್ಳೂದು ಅಂತಿದ್ರು ನಮ್ಮ ಅಬ್ಬಾ. ಏನಾಗ್ಯದ?"

"ಸೆಲ್ ಒಳಗ ಉಳದಾವ."

ಗೌಸಿಯಾ ನಗಲು ಹೋದಳು. ಅಂಬಿಕಾಳ ಮುಖ ನೋಡಿ ನಗು ತಡೆದಳು. "ಎಷ್ಟ ದಿನ?"

ಅವರು ತಿಂಗಳು, ದಿನ ಎರಡೂ ಹೇಳಿದರು. ಆಕೆ ಕ್ಯಾಮೆರಾ ಮಗುಚಿದಳು. ಮೂರು ಬಿಳಿ ಗೆರೆಗಳು ಒಣಗಿ ಹಾಗೇ ಇದ್ದವು. ಆಕೆ ಬಟ್ಟೆಯ ತುಂಡು ಕೈಗೆತ್ತಿಕೊಂಡಳು.

"ಒರಸಬ್ಯಾಡವ್ವಾ."

"ಮುಚ್ಚಳ ಕಚ್ಕೊಂಡದರೀ. ಎಬ್ಬಿಸಬೇಕಾತದ. ಗೆರಿ ಉಳಿಯಂಗಿಲ್ಲ."

"ಬರೀ ಎರಡ ಸೆಲ್, ಅಪ್ಪಾ" ಅಂದಳು ಅಂಬಿಕಾ, ಮೆಲ್ಲಗೆ. "ಅವ್ವ ಹೋದ ಮ್ಯಾಲೆ ನಿನಗ ಯಾವುದೂ ನೆನಪ ಉಳೀಲಿಲ್ಲ. ನನಗರೆ ಹೇಳಿದ್ರ ನಾ ತೆಗೀತಿದ್ದೆ."

"ನೆನಪಿತ್ತು."

"ಏನು?"

"ಆಸ್ಪತ್ರಿ ಬೆಂಚಿನ ಮ್ಯಾಲೆ ಕುಂತಾಗ ನೆನಪಾತು, ಸೆಲ್ ಒಳಗವ ಅಂತ. ಮನಿಗ್ ಹೋಗಿ ತೆಗೀತೀನಿ ಅಂದ್ಕೊಂಡೆ. ಆಮ್ಯಾಲೆ ಅಂಗಡಿ ತೆಗದಾಗೂ ನೆನಪಿತ್ತು. ಕೈಯಾಗ ತಗೊಂಡೆ. ಮುಚ್ಚಳ ಸರಸಿದ್ರ ಗೆರಿ ಕೆಡತಿತ್ತು. ಅಕೀ ಬೆರಳಿಂದು ಮತ್ತೆಲ್ಲೂ ಉಳದಿಲ್ಲಲ್ಲ. ನಾಳೆ ತೆಗದ್ರಾತು ಅಂತ ಬಿಡತಾ ಬಂದೆ. ದಿನಾ ನೆನಪಿತ್ತು ನನಗ."

ಅಂಬಿಕಾ ತಂದೆಯತ್ತ ನೋಡಿದಳು. ಸೆಲ್ ಉಳಿದ ಸುದ್ದಿ ಕೇಳಿದಾಗಿನಿಂದ ಅವಳು ಅದನ್ನು ಮರೆವು ಎಂದುಕೊಂಡು ಕ್ಷಮಿಸಿದ್ದಳು.

"ಎಬ್ಬಸು" ಎಂದರು ಜಗದೇವಪ್ಪ.

ಗೌಸಿಯಾ ಸಣ್ಣ ಚಪ್ಪಟೆ ಉಳಿಯಿಂದ ಅಂಚು ಎತ್ತಿದಳು. ಗೆರೆಗಳು ನಡುವೆ ಬಿರುಕು ಬಿಟ್ಟು ಪುಡಿ ಮೇಜಿನ ಮೇಲೆ ಬಿತ್ತು. ಮುಚ್ಚಳದ ಒಳಗಡೆಯೂ ಬಿಳಿ ಪುಡಿ ಇತ್ತು, ಸೆಲ್ ಸೋರಿ ಕಟ್ಟಿದ್ದು. ಆಕೆ ಬ್ರಷ್ ಹಚ್ಚುವ ಮುನ್ನ ಮುಚ್ಚಳವನ್ನು ಅವರ ಕೈಗೆ ಕೊಟ್ಟಳು. ಅವರು ಅದನ್ನು ಅಂಗೈಯಲ್ಲಿ ಅಲುಗದಂತೆ ಹಿಡಿದುಕೊಂಡರು.

ಒಂದೂವರೆ ಗಂಟೆ ಹಿಡಿಯಿತು. ಸ್ಪ್ರಿಂಗ್ ಎರಡೂ ಹೋಗಿದ್ದವು. ಸೆಲ್‌ನಿಂದ ಸೋರಿದ ರಸ ತಂತಿಯ ಗುಂಟ ಬೋರ್ಡಿನ ತನಕ ಇಳಿದಿತ್ತು. ಗೌಸಿಯಾ ಹೊರಗಿನಿಂದ ಕರೆಂಟು ಕೊಟ್ಟಾಗ ಲೆನ್ಸ್ ಅರ್ಧ ಹೊರಬಂದು ನಿಂತಿತು. ಪರದೆ ಬೆಳಗಿತು. ಜಗದೇವಪ್ಪ ಕನ್ನಡಕ ಏರಿಸಿ ಬಗ್ಗಿದರು. ಪರದೆಯ ಮೇಲೆ ಫೋಟೊ ಇರಲಿಲ್ಲ, ಇಂಗ್ಲಿಷಿನ ಎರಡು ಸಾಲು ಇತ್ತು. ಅಂಬಿಕಾ ಓದಿದಳು.

"ಮೆಮೊರಿ ಓದಾಕ ಬರವಲ್ದು, ಎಲ್ಲಾ ಅಳಿಸಿ ಹೊಸದಾಗಿ ಮಾಡಲೇನು ಅಂತ ಕೇಳಾಕತ್ತದ."

"ಹೂಂ ಅಂತ ಒತ್ತಿದ್ರ ಕ್ಯಾಮೆರಾ ನಡದ್ರೂ ನಡೀಬಹುದು ಕಾಕಾ" ಎಂದಳು ಗೌಸಿಯಾ. "ಫೋಟೊ ಬರಂಗಿಲ್ಲ."

"ಬ್ಯಾಡ. ಬಂದ್ ಮಾಡು."

ಆಕೆ ಬಂದ್ ಮಾಡಿದಳು. ಮೆಮೊರಿಯ ಚಿಪ್ ಬಿಡಿಸಿ ಹೈದರಾಬಾದಿನಲ್ಲಿ ಗೊತ್ತಿದ್ದವರಿಗೆ ಕಳಿಸಿ ನೋಡುತ್ತೇನೆ, ಆಸೆ ಇಟ್ಟುಕೊಳ್ಳಬೇಡಿ ಎಂದಳು. ಜಗದೇವಪ್ಪ ಒಪ್ಪಿದರು. ಮುಚ್ಚಳವನ್ನು ಹಳೆ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡರು.

"ಆಧಾರ್ ಫೋಟೊನೇ ದೊಡ್ಡದು ಮಾಡಸೋಣಪ್ಪಾ" ಎಂದಳು ಅಂಬಿಕಾ, ದಾರಿಯಲ್ಲಿ.

"ಅದರಾಗ ಯಾರದರೆ ಮಾರಿ ಅವರ ಮಾರಿಯಂಗ ಇರತದೇನು?"

ಅಕ್ಟೋಬರ್ ಒಂದರಂದು ಖಂಡೆ ಪೂಜೆ ಬಂತು. ಜಗದೇವಪ್ಪ ಮಣೆಯ ಮೇಲೆ ಯಾವ ಯಂತ್ರವನ್ನೂ ಇಡಲಿಲ್ಲ. ಆ ಸಂಜೆ ಜೈಭೀಮ ಗಡಿಯಾರದ ಮಾತು ಎತ್ತಲಿಲ್ಲ. ಚಹಾ ಕೊಟ್ಟು ಹೋದ.

ಹದಿನಾಲ್ಕರ ಮಧ್ಯಾಹ್ನ ಗೌಸಿಯಾಳ ಫೋನ್ ಬಂತು. ಚಿಪ್‌ನಿಂದ ಏನೂ ಓದಲಾಗಲಿಲ್ಲ ಎಂದು ಹೈದರಾಬಾದಿನವರು ತಿಳಿಸಿದ್ದರು.

ಹದಿನೇಳರಂದು ವರ್ಷದ ಪುಣ್ಯತಿಥಿ ನಡೆಯಿತು. ಮದುವೆಯ ಫೋಟೊದಿಂದ ವಿಮಲಾಬಾಯಿಯನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿಸಿ, ಗೋಡೆಗೆ ಹಾಕಿದರು. ಅದರಲ್ಲಿ ಆಕೆಗೆ ಹದಿನೆಂಟು ವರ್ಷ. ತಲೆ ತಗ್ಗಿಸಿದ್ದಾರೆ, ಬಾಸಿಂಗ ಹುಬ್ಬಿನ ತನಕ ಇಳಿದಿದೆ, ಎಡ ಅಂಚಿನಲ್ಲಿ ಜಗದೇವಪ್ಪನವರ ಭುಜದ ಒಂದು ತುಂಡು ಉಳಿದಿದೆ.