ಗಾಡಿ ನಿಲ್ಲಿಸುವ ಟೈರು

ನಮ್ಮ ಲಿಂಡೆನ್‌ತಾಲ್‌ನಲ್ಲಿ ಮೊದಲ ಹಿಮ ಬಿದ್ದ ದಿನ ಫ್ರಾಂಜ್ ಹೀಬರ್ಟನಿಗೆ ಕಾಫಿ ಕುಡಿಯಲೂ ಬಿಡುವಿರುವುದಿಲ್ಲ. ರಸ್ತೆ ಪಕ್ಕದ ಹಳ್ಳಕ್ಕೆ ಜಾರಿದ ಕಾರು, ಪಿಕಪ್ಪುಗಳನ್ನು ಎಳೆದು ಮೇಲೆ ಹಾಕುವುದು ಅವನ ಕಸುಬು. ಅದೇ ಹೆಸರಿನವರು ಊರಿನಲ್ಲಿ ಇನ್ನೂ ಕೆಲವರು ಇರುವುದರಿಂದ ಇವನನ್ನು ಎಲ್ಲರೂ ಕೊಕ್ಕೆ ಫ್ರಾಂಜ್ ಎನ್ನುತ್ತಾರೆ. ಮ್ಯಾನಿಟೋಬಾ ಪ್ರಾಂತ್ಯದವರಿಗೆ ಚಳಿ ಹೊಸದಲ್ಲ. ಆದರೂ ವರ್ಷ ವರ್ಷವೂ ಹಿಮವನ್ನು ಆಗ ತಾನೇ ಕಂಡವರ ಹಾಗೆ ಜನ ಸಾಲಾಗಿ ಹಳ್ಳಕ್ಕೆ ಇಳಿಯುತ್ತಾರೆ.

ಡೀಡ್ರಿಕ್ ಲೋವೆನ್ ಮಾತ್ರ ಈವರೆಗೆ ಇಳಿದಿರಲಿಲ್ಲ. ಅದು ತನ್ನ ಜಾಣತನ ಎಂದು ಅವನು ತಿಳಿದಿದ್ದ. ಅವನು ಹಂದಿ ಸಾಕುತ್ತಾನೆ, ಪಿಕಪ್ಪಿನಲ್ಲಿ ಮೇವಿನ ಚೀಲ ಹೇರುತ್ತಾನೆ. ಪಿಕಪ್ಪಿನ ಹಳೆಯ ಟೈರುಗಳ ಬಟನ್, ಅಂದರೆ ನೆಲ ಹಿಡಿಯುವ ಉಬ್ಬು, ಸವೆದು ಬೋಳಾಗಿತ್ತು. ಈ ವರ್ಷ ಬದಲಿಸಲೇಬೇಕಿತ್ತು. ಪಕ್ಕದೂರಿನ ಒಂದು ಹರಾಜಿನಲ್ಲಿ ಅವನಿಗೆ ನಾಲ್ಕು ಟೈರು ಅಗ್ಗಕ್ಕೆ ಸಿಕ್ಕವು. ಒಂದು ದಿನವೂ ಓಡಿಸದ ಟೈರುಗಳು, ದಪ್ಪ ದಪ್ಪ ಬಟನ್. ಶನಿವಾರವೇ ಹಾಕಿಸಿಕೊಂಡು ಬಂದ.

ಟೈರು ಬದಲಿಸುವ ಅವಸರಕ್ಕೆ ಇನ್ನೊಂದು ಕಾರಣವಿತ್ತು. ಮಗಳು ಮಾರ್ಲಿಸ್ ಏಳು ತಿಂಗಳ ಬಸುರಿ. ಅವಳ ಗಂಡ ಟ್ರೆಂಟ್ ಉತ್ತರದ ಗಣಿಯಲ್ಲಿ ಕೆಲಸ ಮಾಡುತ್ತಾನೆ. ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ. ಅವನು ಅಲ್ಲಿದ್ದಾಗ ಅವಳು ತವರಿನಲ್ಲಿರುತ್ತಾಳೆ. ಹೆರಿಗೆ ಜನವರಿಯ ಕೊನೆಗೆ. ಆಸ್ಪತ್ರೆಗೆ ಹಿಮವಿಲ್ಲದಾಗಲೇ ಒಂದು ಗಂಟೆಯ ದಾರಿ. ನೋವು ಬರುವ ಹೊತ್ತಿಗೆ ಟ್ರೆಂಟ್ ಗಣಿಯಲ್ಲಿದ್ದರೆ ಅವಳನ್ನು ಕರೆದೊಯ್ಯುವವನು ಡೀಡ್ರಿಕ್ಕನೇ. ತಾಯಿ ಜಸ್ಟಿನಾಗೆ ಗಾಡಿ ಓಡಿಸಲು ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ಕೊಕ್ಕೆ ಫ್ರಾಂಜ್ ಫಾಸ್ಪಾಕ್ಕೆ, ಅಂದರೆ ಕಾಫಿ ತಿಂಡಿಗೆ, ಬಂದ. ಭಾನುವಾರದ ಫಾಸ್ಪಾಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ, ಬಂದವರಿಗೆ ಮೇಜಿನ ಸುತ್ತ ಜಾಗ ಇರುತ್ತದೆ. ಜಸ್ಟಿನಾ ಬನ್ನು, ಚೀಸು, ಪ್ಲಮ್ ಜಾಮು, ಉಪ್ಪುನೀರಿನ ಸೌತೆಕಾಯಿ ಇಟ್ಟಳು. ಕಾಫಿ ಮುಗಿಯುವಷ್ಟರಲ್ಲಿ ಡೀಡ್ರಿಕ್ ಎದ್ದು ನಿಂತ.

"ಬಾರೋ, ನನ್ನ ಟೈರು ನೋಡು."

"ಅವನಿಗೆ ಇನ್ನೊಂದು ಬನ್ನು ತಿನ್ನೋಕಾದ್ರೂ ಬಿಡು" ಎಂದಳು ಜಸ್ಟಿನಾ. "ನಿನ್ನೆಯಿಂದ ಹಂದಿಗೊಂದು ಬಿಟ್ಟು ಎಲ್ಲರಿಗೂ ತೋರಿಸಿ ಆಯ್ತು."

ಶೆಡ್ಡಿನಲ್ಲಿ ಹೀಟರು ಉರಿಯುತ್ತಿತ್ತು. ಪಿಕಪ್ಪು ಹೊಸ ಟೈರುಗಳ ಮೇಲೆ ಎತ್ತರವಾಗಿ ನಿಂತಿತ್ತು. ಮಾರ್ಲಿಸ್ ಕೂಡ ಕೋಟು ಹೊದ್ದು ಹಿಂದೆಯೇ ಬಂದಳು.

"ನೋಡು ಬಟನ್ನು!" ಎಂದ ಡೀಡ್ರಿಕ್. "ಬೆರಳು ಪೂರ್ತಿ ಒಳಗೆ ಹೋಗ್ತದೆ. ಹಿಮ ಕಚ್ಚಿ ಹಿಡೀತದೆ ಇದು."

ಫ್ರಾಂಜ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ಬಗ್ಗಿ ನೋಡಿದ. "ಕೆಸರು ಕಚ್ಚಿ ಹಿಡೀತದೆ. ಕೆಸರಿಗೆ ಅಂತ ಮಾಡಿರೋ ಟೈರು ಇದು. ಏಪ್ರಿಲ್‌ನಲ್ಲಿ ಹೊಲದೊಳಗೆ ಓಡಿಸು, ನಾನೇ ಶಭಾಷ್ ಅಂತೀನಿ."

"ಹಂಗಾದ್ರೆ ಇದೇನು? ಓದು. ಎಂ, ಎಸ್. ಕೆಸರು ಮತ್ತು ಹಿಮ. ಕಂಪನಿಯವರೇ ಅಚ್ಚು ಹಾಕಿದ್ದಾರೆ."

"ಬಟನ್ ಆಕಾರ ನೋಡಿ ಹಾಕೋ ಅಕ್ಷರ ಅದು. ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ್ರೆ ಬೇರೆ ಗುರುತು ಇರ್ತದೆ. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು. ಹುಡುಕು. ಇದ್ರೆ ನಾನು ಮನೆಗೆ ಹೋಗ್ತೀನಿ."

ಡೀಡ್ರಿಕ್ ಹುಡುಕಿದ. ಬೆಟ್ಟ ಇರಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಅಷ್ಟಕ್ಕೆ ಬಿಡುತ್ತಾನೆಯೇ? ಹೆಬ್ಬೆರಳಿನಿಂದ ರಬ್ಬರನ್ನು ಒತ್ತಿ ತೋರಿಸಿದ. "ಎಷ್ಟು ಮೆತ್ತಗಿದೆ ನೋಡು."

"ಹೀಟರ್ ಪಕ್ಕ ನಿಂತ್ರೆ ನಾನೂ ಮೆತ್ತಗಿರ್ತೀನಿ. ರಾತ್ರಿಯೆಲ್ಲ ಹೊರಗೆ ನಿಲ್ಲಿಸಿ ಬೆಳಿಗ್ಗೆ ಒತ್ತು, ಹಲಗೆ ಆಗಿರ್ತದೆ. ಹಲಗೆ ಮಂಜುಗಡ್ಡೇನ ಹಿಡಿಯೋಲ್ಲ, ಜಾರ್ತದೆ. ಚಳಿಗಾಲದ ಟೈರಿಗೆ ರಬ್ಬರೇ ಬೇರೆ, ಎಂಥ ಚಳೀಲೂ ಅದು ಬಾಗ್ತದೆ." ಫ್ರಾಂಜ್ ಟೈರಿನ ಪಕ್ಕದ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟ. "ಮೊದಲ ಎರಡು ಯಾವ ವಾರ ಅಂತ, ಕೊನೆಯ ಎರಡು ಯಾವ ವರ್ಷ ಅಂತ. ನಿನ್ನ ಟೈರು ಹುಟ್ಟಿ ಹತ್ತು ವರ್ಷ ಮೇಲಾಗಿದೆ ಮಾರಾಯ. ಓಡದೇ ಇದ್ರೂ ರಬ್ಬರಿಗೆ ವಯಸ್ಸಾಗ್ತದೆ. ಬೆಳ್ಳಗಿರೋದೆಲ್ಲ ಹಾಲಲ್ಲ."

"ಸರಿ, ವಯಸ್ಸಾಗಿದೆ, ನನಗೂ ಆಗಿದೆ. ಆದ್ರೆ ಗಾಡಿ ಫೋರ್ ವೀಲ್ ಡ್ರೈವು. ನಾಲ್ಕೂ ಚಕ್ರ ತಳ್ತವೆ. ಮೇಲಾಗಿ ಆಸ್ಪತ್ರೆ ದಾರೀಲಿ ಏನಿದೆ? ಏರಿಲ್ಲ, ಇಳಿಜಾರಿಲ್ಲ, ತಿರುವಿಲ್ಲ. ದಾರ ಹಿಡಿದು ಎಳೆದ ಗೆರೆ. ಟೈರಿನ ಚಿಂತೆ ಬೆಟ್ಟದ ಸೀಮೆಯವರು ಮಾಡ್ಲಿ."

ಬಯಲುಸೀಮೆಯಲ್ಲಿ ಬೆಳೆದ ಗಂಡಸರೆಲ್ಲ ಹೇಳುವ ಮಾತು ಇದು. ಫ್ರಾಂಜ್ ಇದನ್ನು ಸಾವಿರ ಸಲ ಕೇಳಿದ್ದಾನೆ, ಹೆಚ್ಚಾಗಿ ಹಳ್ಳದೊಳಗಿನಿಂದ.

"ಅದೇ ನಮ್ಮವರ ರೋಗ" ಎಂದ ಅವನು. "ದಾರಿ ನೆಟ್ಟಗಿದೆ ಅಂತ ಜೋರಾಗಿ ಹೋಗ್ತೀರಿ. ಹೋಗೋದಕ್ಕೆ ಫೋರ್ ವೀಲು ಬೇಕಾದಷ್ಟಾಯ್ತು. ನಿಲ್ಲಬೇಕಲ್ಲಪ್ಪ? ಬ್ರೇಕ್ ಒತ್ತಿದ ಮೇಲೆ ಅದು ಏನೂ ಮಾಡೋಲ್ಲ, ಟೈರು ಒಂದೇ ಹಿಡೀಬೇಕು. ನಾನು ಎಳೆಯೋ ಗಾಡಿಗಳಲ್ಲಿ ಅರ್ಧಕ್ಕರ್ಧ ಫೋರ್ ವೀಲೇ. ಬೇರೆಯವಕ್ಕಿಂತ ಸ್ವಲ್ಪ ದೂರ ಹೋಗಿ ಬಿದ್ದಿರ್ತವೆ, ಅಷ್ಟೇ ವ್ಯತ್ಯಾಸ."

"ನಿನ್ನ ಕಸುಬಿನವರ ಮಾತು ಇದು. ಹೆದರಿಸೋದೇ ಕೆಲಸ."

"ಕಸುಬು ನೋಡಿ ಮಾತಾಡೋದಾದ್ರೆ ನಿನ್ನ ಟೈರು ಭೇಷಾಗಿದೆ ಅಂತಿದ್ದೆ."

ಜಸ್ಟಿನಾ ಅಡುಗೆಮನೆಯ ಬಾಗಿಲಿನಿಂದಲೇ ಕೂಗಿದಳು. "ಬಾಯಲ್ಲಿ ಹೇಳಿದ್ರೆ ಕೇಳೋ ಪ್ರಾಣಿ ಅಲ್ಲ ಅದು, ಫ್ರಾಂಜ್. ಓಡಿಸಿ ತೋರಿಸು."

ಊರ ಹೊರಗೆ ಹಳೆಯ ಧಾನ್ಯದ ಗೋದಾಮಿದೆ. ಅದರ ಅಂಗಳ ಎರಡು ಹೊಲದಷ್ಟು ಅಗಲ. ಮೇಲೆ ಬಿದ್ದ ಹಿಮ ಗಡ್ಡೆ ಕಟ್ಟಿತ್ತು. ನಾಲ್ವರೂ ಎರಡು ಪಿಕಪ್ಪಿನಲ್ಲಿ ಅಲ್ಲಿಗೆ ಹೋದಾಗ ಬೇರೆ ಯಾರೂ ಇರಲಿಲ್ಲ. ಭಾನುವಾರ ಕೆಲಸ ಮಾಡಬಾರದು ಎಂದು ಡೀಡ್ರಿಕ್ ಒಮ್ಮೆ ಗೊಣಗಿದ. ಇದು ಕೆಲಸವಲ್ಲ, ಆಟ ಎಂದು ಫ್ರಾಂಜ್ ಹೇಳಿದ. ಫ್ರಾಂಜನ ಸ್ವಂತ ಪಿಕಪ್ಪು ಡೀಡ್ರಿಕ್ಕನದರಷ್ಟೇ ದೊಡ್ಡದು, ಅಷ್ಟೇ ಭಾರ, ಅದೂ ಫೋರ್ ವೀಲ್. ಟೈರು ಮಾತ್ರ ಚಳಿಗಾಲದ್ದು.

ಜಸ್ಟಿನಾ ಮನೆಯಿಂದ ತಂದಿದ್ದ ಕುರ್ಚಿಯೊಂದನ್ನು ಅಂಗಳದ ನಡುವೆ ಇಟ್ಟಳು.

"ಇದು ಅಡುಗೆಮನೆ ಕುರ್ಚಿ ಅಲ್ವೇ?" ಎಂದ ಡೀಡ್ರಿಕ್. "ಮುರಿದದ್ದು ಯಾವುದಾದ್ರೂ ತರಬಾರದಾಗಿತ್ತಾ?"

"ಮುರಿದದ್ದು ಇಟ್ರೆ ನಿನಗೆ ಭಯ ಎಲ್ಲಿರ್ತದೆ?"

ಇಬ್ಬರೂ ಒಂದೇ ವೇಗದಲ್ಲಿ ಬರಬೇಕು, ಬೇಲಿಯ ಕೆಂಪು ಕಂಬದ ಹತ್ತಿರ ಬ್ರೇಕ್ ಒತ್ತಬೇಕು ಎಂದು ಮಾತಾಯಿತು. ಹೆಂಗಸರು ಗೋದಾಮಿನ ಗೋಡೆಯ ಮರೆಯಿಂದ ನೋಡುತ್ತ ನಿಂತರು. ಮೊದಲು ಫ್ರಾಂಜ್ ಬಂದ, ಕಂಬದ ಬಳಿ ಬ್ರೇಕ್ ಒತ್ತಿದ. ಪಿಕಪ್ಪು ಮೂಗು ತಗ್ಗಿಸಿ, ಗೊರಗೊರ ಸದ್ದು ಮಾಡಿ, ಕುರ್ಚಿಗೆ ಸಾಕಷ್ಟು ದೂರದಲ್ಲೇ ನಿಂತಿತು.

ಡೀಡ್ರಿಕ್ ಬಂದ. ಅವನೂ ಕಂಬದ ಬಳಿಯೇ ಒತ್ತಿದ. ಅದರಲ್ಲಿ ಮೋಸ ಮಾಡಲಿಲ್ಲ. ಗಾಡಿ ನಿಲ್ಲಲಿಲ್ಲ. ಸದ್ದಿಲ್ಲದೆ, ಅವಸರವೂ ಇಲ್ಲದೆ ಜಾರಿಕೊಂಡು ಬಂತು. ಡೀಡ್ರಿಕ್ ಸ್ಟೇರಿಂಗ್ ತಿರುಗಿಸಿದ. ಚಕ್ರ ತಿರುಗಿತು, ಗಾಡಿ ತಿರುಗಲಿಲ್ಲ. ಕುರ್ಚಿ ಒಮ್ಮೆ ಲಟಕ್ಕೆಂದಿತು. ಪಿಕಪ್ಪು ಅದರ ಮೇಲೆ ಹಾದು, ಇನ್ನೂ ಮುಂದಕ್ಕೆ ಹೋಗಿ, ಅಂಗಳದ ಅಂಚಿನ ಹಿಮದ ರಾಶಿಗೆ ಮೂಗು ತೂರಿಸಿ ನಿಂತಿತು.

ಜಸ್ಟಿನಾ ನಗಲು ಬಾಯಿ ತೆರೆದವಳು ಮಗಳ ಮುಖ ನೋಡಿ ಅವಳ ಪಕ್ಕಕ್ಕೆ ಸರಿದಳು.

ಡೀಡ್ರಿಕ್ ಇಳಿದು ಬಂದ. "ಇನ್ನೊಂದ್ಸಲ ನೋಡೋಣ. ಸ್ವಲ್ಪ ಮುಂಚೆ ಒತ್ತಿದ್ರೆ..."

"ಅಪ್ಪ" ಎಂದಳು ಮಾರ್ಲಿಸ್. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. "ನನಗೆ ನೋವು ಬಂದ ದಿನ ಫ್ರಾಂಜ್ ಮಾಮಂಗೆ ಫೋನ್ ಮಾಡ್ತೀನಿ. ಅವರ ಗಾಡೀಲೇ ಹೋಗ್ತೀನಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಡೀಡ್ರಿಕ್ ಉತ್ತರ ಕೊಡುತ್ತಿದ್ದ. ಅವಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ತಂದವನು ಅವನು, ಶಾಲೆಗೆ ಬಿಟ್ಟವನು ಅವನು, ಮದುವೆಯ ದಿನ ಚರ್ಚಿಗೆ ಕರೆದೊಯ್ದವನೂ ಅವನೇ. ಅವಮಾನವಾಯಿತು. ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಕುರ್ಚಿಯ ಕಾಲುಗಳನ್ನು ಆಯ್ದು ಪಿಕಪ್ಪಿನ ಹಿಂದೆ ಹಾಕಿಕೊಂಡು ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ಅವನು ಪೇಟೆಗೆ ಹೊರಟು ಮಗಳನ್ನು ಕರೆದ. "ಬರ್ತೀಯಾ? ಮೆಲ್ಲಗೇ ಓಡಿಸ್ತೀನಿ." ಮಾರ್ಲಿಸ್ ಹೋದಳು. ದಾರಿಯುದ್ದಕ್ಕೂ ಹಿಂದಿನಿಂದ ಬಂದವರೆಲ್ಲ ಹಾರ್ನ್ ಹೊಡೆದು ಅವರನ್ನು ದಾಟಿ ಹೋದರು.

ಮನುಷ್ಯ ಸೋತರೂ ಜಿಪುಣತನ ಅಷ್ಟು ಬೇಗ ಸೋಲುವುದಿಲ್ಲ. ಟೈರಿನಂಗಡಿಯಲ್ಲಿ ಡೀಡ್ರಿಕ್ ಗಂಟಲು ಸರಿಮಾಡಿಕೊಂಡು ಹೇಳಿದ: "ಚಳಿಗಾಲದ್ದು ಎರಡು ಕೊಡಿ. ಹಿಂದಕ್ಕೆ."

"ಎರಡೇ ಯಾಕಪ್ಪ?" ಎಂದಳು ಮಾರ್ಲಿಸ್.

"ಹಿಂದೆ ಭಾರ ಇರೋದು. ಹಿಂದಿನದು ಹಿಡಿದ್ರೆ ಸಾಕು."

"ಸ್ಟೇರಿಂಗು ಹಿಂದಿನ ಚಕ್ರಕ್ಕಿದೆಯಾ? ನಿನ್ನೆ ನೀನು ತಿರುಗಿಸಿದಾಗ ಹಿಡಿಯದೇ ಜಾರಿದ್ದು ಯಾವ ಚಕ್ರ?"

ಅಂಗಡಿಯವನು ನಗು ತಡೆದುಕೊಂಡು, ಮಗಳು ಹೇಳುವುದೇ ಸರಿ ಎಂದ. ಎರಡು ಒಂಥರ, ಎರಡು ಇನ್ನೊಂಥರ ಹಾಕಿದರೆ ಗಾಡಿಯ ಒಂದು ತುದಿ ಹಿಡಿಯುತ್ತದೆ, ಇನ್ನೊಂದು ತುದಿ ಜಾರುತ್ತದೆ, ಗಿರಕಿ ಹೊಡೆಯುವುದು ಹಾಗೆಯೇ. ಹಾಕಿದರೆ ನಾಲ್ಕೂ ಹಾಕಬೇಕು. ಪಿಕಪ್ಪಿನಲ್ಲಿ ಏನು ಹೇರುತ್ತೀರಿ ಎಂದೂ ಕೇಳಿದ. ಹಂದಿಯ ಮೇವು ಎಂದಾಗ ಕಾರಿನ ಟೈರುಗಳನ್ನು ಪಕ್ಕಕ್ಕಿಟ್ಟು, ಭಾರ ತಡೆಯುವ ಟ್ರಕ್ಕಿನ ಟೈರು ತೋರಿಸಿದ. ಗಾಡಿಯ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಟೈರಿನ ಅಳತೆ, ತುಂಬಬೇಕಾದ ಗಾಳಿ ಎರಡೂ ಇರುತ್ತವೆ. ಅದನ್ನು ಓದಿ ತಾಳೆ ನೋಡಿದರು. ಬೆಟ್ಟ ಮತ್ತು ಹಿಮದ ಹರಳಿನ ಗುರುತನ್ನು ಮಾರ್ಲಿಸ್ ತಾನೇ ಹುಡುಕಿದಳು. ನಾಲ್ಕು ಅಂಕಿಗಳನ್ನು ಡೀಡ್ರಿಕ್ ಓದಿದ. ಅದೇ ವರ್ಷದ ಟೈರುಗಳು.

"ಟೈರಿನ ಗಾಳಿ ಬೆಚ್ಚಗಿನ ಶೆಡ್ಡಿನಲ್ಲಿ ಅಳೀಬೇಡಿ" ಎಂದ ಅಂಗಡಿಯವನು. "ಹೊರಗಿನ ಚಳೀಲಿ, ಗಾಡಿ ಓಡಿಸೋಕೆ ಮುಂಚೆ ಅಳೀರಿ. ಚಳಿ ಏರಿದ ಹಾಗೆ ಗಾಳಿ ಇಳೀತದೆ."

ನಾಲ್ಕನ್ನೂ ಹಾಕಿಸಿಕೊಂಡು ವಾಪಸು ಬರುವಾಗ ಡೀಡ್ರಿಕ್ ಖಾಲಿ ರಸ್ತೆಯಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿದ. ಗಾಡಿ ನಿಂತಿತು. "ಹ್ಞೂಂ" ಎಂದ. ಅವನ ಮಟ್ಟಿಗೆ ಅದೇ ದೊಡ್ಡ ಭಾಷಣ.

ಜನವರಿಯಲ್ಲಿ ನೋವು ಒಂದು ವಾರ ಮೊದಲೇ ಬಂತು. ಬೆಳಗಿನ ಹೊತ್ತು, ಗಾಳಿ ಬೀಸುತ್ತಿತ್ತು, ಹೊಲದ ಹಿಮ ರಸ್ತೆಯ ಮೇಲೆ ಹಾರುತ್ತಿತ್ತು. ಟ್ರೆಂಟ್ ಗಣಿಯಲ್ಲಿದ್ದ. ಮಾರ್ಲಿಸ್ ಯಾರಿಗೂ ಫೋನ್ ಮಾಡಲಿಲ್ಲ. ಅಪ್ಪನ ಪಿಕಪ್ಪಿನ ಬಾಗಿಲು ತೆರೆದು ಹತ್ತಿ ಕುಳಿತಳು. ಜಸ್ಟಿನಾ ಹಿಂದಿನ ಸೀಟಿನಲ್ಲಿ ಕುಳಿತು ಪ್ರಾರ್ಥನೆ ಮಾಡುತ್ತಾ, ನಡುನಡುವೆ ಗಂಡನಿಗೆ ಮೆಲ್ಲಗೆ ಹೋಗಲು ಹೇಳುತ್ತಾ ಬಂದಳು. ಅವನು ಮೆಲ್ಲಗೇ ಹೋಗುತ್ತಿದ್ದ.

ಅರ್ಧ ದಾರಿಯಲ್ಲಿ ರೈಲು ಹಳಿ ರಸ್ತೆಯನ್ನು ಅಡ್ಡ ಹಾಯುತ್ತದೆ. ಹಾರುವ ಹಿಮದಲ್ಲಿ ಕೆಂಪು ದೀಪ ಕಾಣಿಸಿದ್ದೇ ತಡವಾಗಿ. ಗೋಧಿ ತುಂಬಿದ ಗೂಡ್ಸ್ ರೈಲು ಆಗಲೇ ಹಳಿಯ ಮೇಲಿತ್ತು. ಡೀಡ್ರಿಕ್ ಬ್ರೇಕ್ ಒತ್ತಿದ. ಪಿಕಪ್ಪು ಗೊರಗೊರ ಎಂದು ನಿಂತಿತು, ಹಳಿಗೆ ಬೇಕಾದಷ್ಟು ದೂರದಲ್ಲಿ.

ಹಿಂದೆ ಒಂದು ಪಿಕಪ್ಪು ಬರುತ್ತಿತ್ತು. ಅದೂ ಫೋರ್ ವೀಲೇ. ಅದು ಇವರ ಪಕ್ಕದಲ್ಲಿ ಸದ್ದಿಲ್ಲದೆ ಜಾರಿ, ಅಡ್ಡ ತಿರುಗಿ, ಹಳ್ಳದ ಹಿಮದಲ್ಲಿ ಬಾಗಿಲ ತನಕ ಹೂತುಕೊಂಡಿತು. ಒಳಗಿದ್ದವನು ಕಿಟಕಿ ಇಳಿಸಿ, ಏನೂ ಆಗಿಲ್ಲ ಎಂದು ಕೈ ಬೀಸಿದ. ರೈಲು ಇನ್ನೂ ಹೋಗುತ್ತಲೇ ಇತ್ತು. ಮಾರ್ಲಿಸ್ ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಡೀಡ್ರಿಕ್ ಇನ್ನೊಂದು ಕೈಯಲ್ಲಿ ಫ್ರಾಂಜನಿಗೆ ಫೋನ್ ಹಚ್ಚಿದ.

"ರೈಲು ಕ್ರಾಸಿಂಗ್ ಹತ್ರ ಹಳ್ಳದಲ್ಲಿ ಒಬ್ಬ ಇದ್ದಾನೆ, ಬೇಗ ಬಾ. ನಾನಲ್ಲ."

ಮಧ್ಯಾಹ್ನದ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣು. ಎರಡು ದಿನ ಬಿಟ್ಟು ಮನೆಗೆ ಕಳಿಸುವಾಗ, ಯಾರ ಗಾಡಿಯಲ್ಲಿ ಹೋಗುತ್ತೀರಿ ಎಂದು ನರ್ಸು ಕೇಳಿದಳು. "ನಮ್ಮಪ್ಪಂದು" ಎಂದಳು ಮಾರ್ಲಿಸ್. ಡೀಡ್ರಿಕ್ ಗಾಡಿ ಬೆಚ್ಚಗೆ ಮಾಡುತ್ತೇನೆಂದು ಹೇಳಿ ಹೊರಗೆ ಹೋದ. ಅದು ಆಗಲೇ ಬೆಚ್ಚಗಿತ್ತು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿ ಯಾವ ಟೈರಿನ ಮೇಲೆ ನಿಂತಿದೆ? ಹಿಮ ಬೀಳುವ ಮೊದಲೇ ಹೊರಗೆ ಹೋಗಿ ನೋಡಿ. ಬೆಟ್ಟದ ಗುರುತು ಹುಡುಕಿ, ಹುಟ್ಟಿದ ವರ್ಷ ಓದಿ, ಹೇರುವ ಭಾರಕ್ಕೆ ತಕ್ಕದ್ದನ್ನೇ ಕೊಳ್ಳಿ. ನಾಲ್ಕೂ ಒಂದೇ ಥರದ್ದಿರಲಿ. ನಮ್ಮ ದಾರಿ ನೆಟ್ಟಗಿದೆ ಎನ್ನಬೇಡಿ, ನೆಟ್ಟಗಿನ ದಾರಿಯಲ್ಲೂ ನಿಲ್ಲಬೇಕಾಗುತ್ತದೆ. ಮತ್ತೆ, ಟೈರಿನಂಗಡಿಗೆ ಒಬ್ಬರೇ ಹೋಗಬೇಡಿ. ಪಕ್ಕದ ಸೀಟಿನಲ್ಲಿ ಕೂರುವವರನ್ನೂ ಕರೆದುಕೊಂಡು ಹೋಗಿ. ಬ್ರೇಕು ನಿಮ್ಮ ಕಾಲಡಿ ಇದೆ, ಅವರ ಕಾಲಡಿ ಏನೂ ಇಲ್ಲ.