ನಾಬಿನ ಮೇಲಿನ ವಿಭೂತಿ

ದಾದರಿನ ಕನ್ನಡ ಸಂಘದವರು ಸಾಂತಾಕ್ರೂಜಿನ ಭಜನಾ ಮಂಡಳಿಯನ್ನು ಕರೆದದ್ದೇ ಗಿಟಾರು ಹಿಡಿಯುವ ಹುಡುಗಿಯನ್ನು ನೋಡಲು. ಮಂಡಳಿಯ ಯಜಮಾನ ಗುರಲಿಂಗಪ್ಪನಿಗೆ ಅದು ಬಿಸಿತುಪ್ಪವಾಯಿತು. ಆ ಹುಡುಗಿ ದಾನವ್ವನನ್ನು ಬಿಟ್ಟು ಹೋಗುವಂತಿಲ್ಲ. ತನ್ನ ಹಾರ್ಮೋನಿಯಂ ಮೀರಿ ಅವಳ ತಂತಿ ಕೇಳಿಸಲೂ ಬಾರದು.

ಮಹಾನವಮಿಯ ವಾದ್ಯಪೂಜೆಯ ದಿನ ಅವನಿಗೆ ಉಪಾಯ ಹೊಳೆಯಿತು. ಅವಳ ಕರೆಂಟಿನ ಗಿಟಾರಿನಲ್ಲಿ ಸ್ವರದ ಚೂಪು ಏರಿಸಿ ಇಳಿಸುವ ಟೋನ್ ನಾಬನ್ನು ಸೊನ್ನೆಗೆ ತಿರುಗಿಸಿ, ನಾಬಿನಿಂದ ಕಟ್ಟಿಗೆಯ ತನಕ ಹಸಿ ವಿಭೂತಿಯ ಗೆರೆ ಎಳೆದ. ನಾಬು ತಿರುಗಿದರೆ ಗೆರೆ ಒಡೆಯಬೇಕು.

"ಹೆಣ್ಣಮಗಳ ವಾದ್ಯ ಮೆತ್ತಗಿರಬೇಕು. ಈ ಗೆರಿ ಅಳಿಸಿದವ್ರು ಮಂಡಳ್ಯಾಗ ಇರಂಗಿಲ್ಲ, ನೋಡ್ರಿ ಮತ್ತ!"

ಎಲ್ಲರೂ ತಲೆಯಾಡಿಸಿದರು. ದಾನವ್ವ ತಂತಿ ಮೀಟಿದಳು. ಕಂಬಳಿ ಹೊದ್ದು ಹಾಡಿದಂತಿತ್ತು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಆ ಗಿಟಾರು ಕೊಟ್ಟವನು ದೂಜ. ಮಂಗಳೂರು ಕಡೆಯವನು, ಹೋಟೆಲಿನ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ. ದಾನವ್ವ ಗಿಟಾರನ್ನು ಅವನ ಮುಂದಿಟ್ಟು, "ದೂಜಣ್ಣ, ಈ ನಾಬಿನ ಹೊಟ್ಟ್ಯಾಗ ಏನೈತಿ?" ಎಂದಳು.

ಅವನು ಹಿಂದಿನ ಮುಚ್ಚಳ ಬಿಚ್ಚಿದ. ನಾಬಿನ ಬುಡಕ್ಕೆ ಬೆಸುಗೆ ಹಾಕಿದ ಪುಟ್ಟ ಕಂಡೆನ್ಸರ್ ಕಂಡಿತು.

"ಇದು ಜರಡಿ ಮಾರಾಯ್ತಿ. ಸಣ್ಣ ಹಿಟ್ಟು ಇದರಲ್ಲಿ ಸೋರಿ ಅರ್ಥಿಂಗಿಗೆ ಹೋಗ್ತದೆ, ರವೆ ಉಳೀತದೆ. ಚೂಪು ಸ್ವರ ಹಿಟ್ಟು, ದಪ್ಪ ಸ್ವರ ರವೆ. ನಾಬ್ ಅಂದ್ರೆ ಜರಡಿಯ ಬಾಗಿಲು. ಸೊನ್ನೆಗೆ ತಂದ್ರೆ ಬಾಗಿಲು ಪೂರ್ತಿ ತೆರೀತದೆ, ಚೂಪೆಲ್ಲ ಸೋರಿಹೋಗ್ತದೆ."

"ಜರಡೀನ ತಗದಬಿಟ್ರ?"

ದೂಜ ನಕ್ಕುಬಿಟ್ಟ. "ಮತ್ತೆ ಚೂಪು ಸೋರುದೇ ಇಲ್ಲ, ನಾಬ್ ಎಷ್ಟು ತಿರುಗಿಸಿದ್ರೂ ಎಂತದೂ ಆಗುದಿಲ್ಲ."

ದಾನವ್ವ ಅವನ ಕೈಯಿಂದ ಇಕ್ಕಳ ಕಸಿದುಕೊಂಡು ಕಂಡೆನ್ಸರಿನ ಒಂದು ಕಾಲನ್ನು ತಾನೇ ಕತ್ತರಿಸಿದಳು. ಮುಂಬದಿಯ ವಿಭೂತಿಯ ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ.

ದಾದರಿನ ಸಭಾಂಗಣ ತುಂಬಿತ್ತು. ಗುರಲಿಂಗಪ್ಪ ಗೆರೆಯನ್ನು ಕಣ್ಣಾರೆ ನೋಡಿಯೇ ವೇದಿಕೆ ಹತ್ತಿದ. ಅವನು ಶ್ರುತಿ ಹಿಡಿದ, ದಾನವ್ವ ಮೊದಲ ತಂತಿ ಮೀಟಿದಳು. ಝಣ್ಣೆಂದ ಸ್ವರಕ್ಕೆ ಹಿಂದಿನ ಸಾಲಿನವರೂ ನೆಟ್ಟಗೆ ಕೂತರು. ಗುರಲಿಂಗಪ್ಪ ತಿರುಗಿ ನೋಡಿದ. ನಾಬು ಸೊನ್ನೆಯಲ್ಲೇ ಇತ್ತು, ಗೆರೆಯೂ ಹಾಗೇ ಇತ್ತು. ಅವಳು ಮತ್ತೆ ಮೀಟಿದಳು, ಇನ್ನೂ ಜೋರಾಗಿ.

ಅವನಿಗೆ ತಡೆಯಲಾಗಲಿಲ್ಲ. ಹಾರ್ಮೋನಿಯಂ ಬಿಟ್ಟು ಬಗ್ಗಿ, ನಾಬನ್ನು ಆ ಕಡೆ ಈ ಕಡೆ ತಿರುವಿದ. ಸ್ವರ ಜಗ್ಗಲಿಲ್ಲ. ವಿಭೂತಿ ಮಾತ್ರ ಪುಡಿಯಾಗಿ ಅವನ ಬೆರಳಿಗೆ ಮೆತ್ತಿಕೊಂಡಿತು.

ದಾನವ್ವ ತಂತಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಮೈಕಿನಲ್ಲೇ ಕೇಳಿದಳು: "ಕಾಕಾ, ಗೆರಿ ಅಳಿಸಿದವ್ರು ಯಾರು?"

ತಬಲಾದ ಮರೆಪ್ಪ ಮೊದಲು ಕಿಸಕ್ಕೆಂದ, ಆಮೇಲೆ ಇಡೀ ಮಂಡಳಿ ನಕ್ಕಿತು. ಗುರಲಿಂಗಪ್ಪ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಕೂತ.

"ನೀವೂ ಮಂಡಳಿ ಬಿಡಬ್ಯಾಡ್ರಿ, ನಾನೂ ಬಿಡಂಗಿಲ್ಲ," ಎಂದಳು ದಾನವ್ವ. "ಹಿಡೀರಿ ಶ್ರುತಿ."