ಬೆಸ ಕಡೆ ನಿಂತ ಕಾರು

ಮೂರನೆಯ ಸಲವೂ ಕಾರಿನ ಗಾಜಿಗೆ ದಂಡದ ಚೀಟಿ ಅಂಟಿದ್ದು ಕಂಡಾಗ ಕಾರ್ಲಿಗೆ ತನ್ನ ತಲೆಯ ಮೇಲೇ ಅನುಮಾನ ಬಂತು. ಮಿಲ್ವಾಕಿಯ ಆ ಬೀದಿಯಲ್ಲಿ ಎಳೆ ಮಕ್ಕಳಿಗೂ ಗೊತ್ತಿರುವ ನಿಯಮ: ಚಳಿಗಾಲದಲ್ಲಿ ಸಮ ತಾರೀಕಿನ ರಾತ್ರಿ ಸಮ ನಂಬರಿನ ಮನೆಗಳ ಕಡೆ ಕಾರು ನಿಲ್ಲಿಸಬೇಕು, ಬೆಸ ತಾರೀಕಿಗೆ ಎದುರು ಕಡೆ. ತಪ್ಪಿದರೆ ಬೆಳಗ್ಗೆ ಚೀಟಿ. ಸಂಜೆ ಅವಳು ತಾರೀಕು ನೋಡಿಕೊಂಡೇ ಸಮ ಕಡೆ ನಿಲ್ಲಿಸಿದ್ದಳು. ಈಗ ಕಾರು ಬೆಸ ಕಡೆ ನಿಂತಿದೆ!

"ಅಪ್ಪ, ನಾನು ಅಲ್ಲಿ ನಿಲ್ಸಿದ್ದೆ. ನೋಡು, ಕಾರಿನಷ್ಟಗಲ ಹಿಮಾನೇ ಬಿದ್ದಿಲ್ಲ."

ಡ್ಯಾರೆಲ್ ಕಾಫಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. "ಅದು ಎದುರುಮನೆಯವರ ಕಾರಿದ್ದ ಜಾಗ ಪುಟ್ಟಿ. ನಿದ್ದೆಗೆಟ್ಟು ಓದಿದ್ರೆ ಹೀಗೇ ಆಗೋದು."

"ಸೀಟೂ ಹಿಂದಕ್ಕೆ ಹೋಗಿದೆ. ನನ್ನ ಕಾಲೇ ಎಟುಕಲ್ಲ."

"ಕೆಳಗೆ ಗುಡಿಸ್ಬೇಕಿತ್ತು, ನಾನೇ ಸರಿಸ್ದೆ."

ಅಪ್ಪ ಅಂದಮೇಲೆ ಮುಗಿಯಿತು. ಡ್ರೈವಿಂಗ್ ಕಲಿಸಿದವನೂ ಅವನೇ. 'ಹೊರಡೋ ಮುಂಚೆ ಕನ್ನಡಿ ನೋಡು, ನಿನ್ನ ಕಣ್ಣಿಗೆ ಕಂಡದ್ದನ್ನ ನಂಬು' ಎಂದು ಬೇಸಿಗೆಯಿಡೀ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದ. ಕಾರ್ಲಿ ತನ್ನ ಕಣ್ಣು ಬಿಟ್ಟು ಅವನನ್ನು ನಂಬಿದಳು.

ಆ ಹಳೇ ಬ್ಯೂಕ್ ಕಾರು ಬೂಶಾಳದು. ಬೇರೆ ಮನೆಯಲ್ಲಿದ್ದ ಅಜ್ಜಿಯನ್ನು ಅವರೆಲ್ಲರೂ ಕರೆಯುವುದು ಹಾಗೆ. ಕಣ್ಣು ಮಂಜಾದ ಮೇಲೆ ಅವಳು ಕಾರನ್ನು ಮೊಮ್ಮಗಳ ಹೆಸರಿಗೆ ಮಾಡಿಸಿ, "ಬೇರೆ ಏನೂ ಬೇಡ ಕಣೇ, ಶುಕ್ರವಾರ ಮೀನೂಟಕ್ಕೆ ನನ್ನ ಕರ್ಕೊಂಡು ಹೋಗು ಸಾಕು" ಅಂದಿದ್ದಳು. ಕಾರ್ಲಿ ಒಂದು ಶುಕ್ರವಾರವೂ ತಪ್ಪಿಸಿರಲಿಲ್ಲ.

ತಿಂಡಿ ಮೇಜಿನಲ್ಲಿ ಡ್ಯಾರೆಲ್ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. "ನಿಂದು ಇನ್ನೂ ಪರೀಕ್ಷಾವಧಿ ಲೈಸೆನ್ಸು. ಇನ್ನೊಂದು ಚೀಟಿ ಬಿದ್ರೆ ಕಿತ್ಕೋತಾರೆ. ಆಮೇಲೆ ವರ್ಷಗಟ್ಟಲೆ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಹಿಮ ಕರಗೋವರೆಗೂ ಕೀ ನನ್ನ ಹತ್ರ ಇರ್ಲಿ. ದಂಡ ನಾನೇ ಕಟ್ತೀನಿ, ತಲೆ ಕೆಡಿಸ್ಕೋಬೇಡ."

ಅವಳು ಕೀ ಕೊಟ್ಟಳು. ಅಪ್ಪನ ಕೊರಳಿಗೆ ಬಿದ್ದು ಅತ್ತಳು. ಥ್ಯಾಂಕ್ಸ್ ಬೇರೆ ಹೇಳಿದಳು, ಪಾಪದ ಹುಡುಗಿ! ಅಣ್ಣ ಟ್ರೆವರ್ ತಲೆಯೆತ್ತದೆ ಬ್ರೆಡ್ಡು ತಿನ್ನುತ್ತಿದ್ದ. ಕುಡಿದು ಓಡಿಸಿ ಸಿಕ್ಕಿಬಿದ್ದು ಅವನ ಲೈಸೆನ್ಸ್ ರದ್ದಾಗಿತ್ತು. ಈಗ ಊರಾಚೆಯ ಬೇಕರಿಯಲ್ಲಿ ರಾತ್ರಿ ಪಾಳಿ. ಸ್ನೇಹಿತನೊಬ್ಬ ಕರೆದುಕೊಂಡು ಹೋಗುತ್ತಾನೆ ಅಂತ ಮನೆಯಲ್ಲಿ ಮಾತು.

ಶುಕ್ರವಾರ ಬಂತು. ಬೂಶಾಗೆ ಬರಲ್ಲ ಅನ್ನಲು ಕಾರ್ಲಿಗೆ ಬಾಯಿ ಬರಲಿಲ್ಲ. ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಲೈಸೆನ್ಸ್ ಕಚೇರಿಗೆ ಹೋದಳು.

"ಮೇಡಂ, ಪಾರ್ಕಿಂಗ್ ಚೀಟಿ ಮೂರಾಗಿದೆ. ನನ್ನ ಲೈಸೆನ್ಸ್ ಉಳಿಸ್ಕೊಳ್ಳೋಕೆ ದಾರಿ ಇದೆಯಾ?"

ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿದಳು. "ಏನೂ ಆಗಿಲ್ವಲ್ಲಮ್ಮ. ಓಡಿಸೋವಾಗ ತಪ್ಪು ಮಾಡಿದ್ರೆ ಪಾಯಿಂಟು ಬೀಳುತ್ತೆ, ಹೊಸಬರಿಗೆ ಜಾಸ್ತೀನೇ ಬೀಳುತ್ತೆ. ನಿಲ್ಸಿದ ಕಾರಿನ ದಂಡಕ್ಕೂ ಲೈಸೆನ್ಸಿಗೂ ಏನು ಸಂಬಂಧ? ಕಟ್ಟದೆ ಬಿಟ್ರೆ ಮಾತ್ರ ತಾಪತ್ರಯ. ಯಾರು ಹೇಳಿದ್ದು ನಿಂಗೆ?"

"ನಮ್ಮಪ್ಪ."

"ಅಪ್ಪಂದಿರಿಗೆ ಭಯ ಜಾಸ್ತಿ," ಎಂದು ಅವಳು ನಕ್ಕಳು.

ಕಾರ್ಲಿಯೂ ನಕ್ಕಳು. ಪಾಪ, ಅಪ್ಪನಿಗೂ ಗೊತ್ತಿಲ್ಲ! ಸುದ್ದಿ ಹೇಳುವ ಆತುರದಲ್ಲಿ ಬಸ್ಸಿಳಿದವಳು ಹಿಮದಲ್ಲಿ ಜಾರುತ್ತಾ ಓಡಿದಳು. ಮನೆಯ ಮುಂದೆ ಬ್ಯೂಕ್ ಗುರುಗುಡುತ್ತಿತ್ತು. ಸ್ಟೇರಿಂಗಿನ ಹಿಂದೆ ಟ್ರೆವರ್. ಅಪ್ಪ ಕಿಟಕಿಗೆ ಬಗ್ಗಿ ಹೇಳುತ್ತಿದ್ದ: "ಇವತ್ತಾದ್ರೂ ವಾಪಸ್ ಬಂದಾಗ ಸರಿಯಾದ ಕಡೆ ನಿಲ್ಸೋ ಮಾರಾಯ. ನಿನ್ನ ದಂಡ ಕಟ್ಟಿ ಕಟ್ಟಿ ಸಾಕಾಯ್ತು."

ಕಾರ್ಲಿಯ ಕಾಲು ಅಲ್ಲೇ ನಿಂತಿತು. ಡ್ಯಾರೆಲ್ ತಿರುಗಿ ನೋಡಿದ.

"ಅವನಿಗೆ ಈ ಕೆಲಸವೂ ಹೋದ್ರೆ ಮತ್ತೆ ಕುಡಿಯೋಕೆ ಶುರು ಮಾಡ್ತಾನೆ ಕಣೇ," ಅಂದ. "ನೀನು ಜಾಣೆ. ಹೇಗೋ ಸಂಭಾಳಿಸ್ತೀಯ ಅಂತ..."

"ಲೈಸೆನ್ಸೇ ಇಲ್ಲದವನಿಗೆ ನನ್ನ ಕಾರು."

"ಮೆತ್ತಗೆ. ಅಕ್ಕಪಕ್ಕದವರು ಕೇಳ್ತಾರೆ."

"ಒಂದೇ ಒಂದು ಹೇಳಪ್ಪ. ಅವತ್ತು ನಾನು ಸಮ ಕಡೇನೇ ನಿಲ್ಸಿದ್ದೆ ಅಲ್ವಾ?"

"ಹೌದು. ನೀನು ಯಾವತ್ತೂ ಸರಿಯಾಗೇ ನಿಲ್ಸಿದ್ದೆ."

ಕಾರು ಹೋದದ್ದನ್ನು ಅವಳು ಮರೆತಾಳು. ತನಗೇ ತಲೆ ಕೆಟ್ಟಿದೆ ಎಂದುಕೊಂಡು ಇಷ್ಟು ದಿನ ನರಳಿದ್ದನ್ನು, ಅದನ್ನು ನೋಡುತ್ತಾ ಅಪ್ಪ ಕಾಫಿ ಕುಡಿದದ್ದನ್ನು ಹೇಗೆ ಮರೆಯುವುದು?

ಅವಳು ಚಾಲಕನ ಕಡೆಯ ಬಾಗಿಲು ತೆರೆದಳು. "ಇಳಿ."

ಟ್ರೆವರ್ ಅಪ್ಪನ ಮುಖ ನೋಡಿದ, ಇಳಿದ. ಕಾರ್ಲಿ ಸೀಟನ್ನು ಮುಂದಕ್ಕೆ ಎಳೆದುಕೊಂಡಳು.

"ಪುಟ್ಟಿ, ಎಲ್ಲಿಗೆ?"

"ಬೂಶಾ ಮನೆಗೆ. ಕೋಟು ಹಾಕ್ಕೊಂಡು ಬಾಗಿಲಲ್ಲಿ ಕೂತಿರ್ತಾಳೆ. ಇನ್ಮೇಲೆ ಕಾರು ಅಲ್ಲೇ ಇರುತ್ತೆ. ನಾನೂ ಅಲ್ಲೇ ಇರ್ತೀನಿ."

ಹೊರಡುವ ಮುಂಚೆ ಕನ್ನಡಿ ನೋಡಿದಳು. ಅಪ್ಪ ಅದರಲ್ಲಿದ್ದ, ಕೈ ಅರ್ಧ ಎತ್ತಿಕೊಂಡು. ರಸ್ತೆ ಖಾಲಿ ಇತ್ತು. ಅವಳು ಹೊರಟಳು.